ನಲವತ್ತನೇ ಪುಟದಲ್ಲಿ ಒಂದು ಸಾಲು ಬರೆದಿಡಿ

ಜೂನ್ ಮೊದಲ ವಾರ ನನ್ನ ಟೇಬಲ್ ಮೇಲೆ ಬರುವ ನೋಟ್‌ಬುಕ್ಕುಗಳನ್ನು ನೋಡುವುದೇ ಒಂದು ಖುಷಿ. ಖಾಕಿ ಬೈಂಡು, ಅದರ ಮೇಲೆ ಲೇಬಲ್ಲು, ಮೊದಲ ಪುಟದ ನೆತ್ತಿಯಲ್ಲಿ 'ಶ್ರೀ'. ಸ್ಕೇಲ್ ಇಟ್ಟು ಎಳೆದ ಮಾರ್ಜಿನ್. ಪ್ರಶ್ನೆಗೆ ಕಪ್ಪು ಪೆನ್ನು, ಉತ್ತರಕ್ಕೆ ನೀಲಿ. ಹತ್ತು ಪುಟ ದಾಟುವ ಹೊತ್ತಿಗೆ ಕಪ್ಪು ಪೆನ್ನು ಹೋಗಿರುತ್ತದೆ. ಇಪ್ಪತ್ತು ದಾಟಿದರೆ ಮಾರ್ಜಿನ್ ಇಲ್ಲ. ಆಗಸ್ಟ್‌ನಲ್ಲಿ ಅದೇ ಪುಸ್ತಕ ಕೈಗೆ ಬಂದರೆ ಅಕ್ಷರವೇ ಬೇರೆ.

ನಾನು ಹಾವೇರಿ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ಹದಿನೇಳು ಜೂನ್ ಕಂಡಿದ್ದೇನೆ. ಮಕ್ಕಳಿಗೆ ಆಸೆ ಕಡಿಮೆ ಅಂತ ನನಗೆ ಒಂದು ವರ್ಷವೂ ಅನ್ನಿಸಿಲ್ಲ. ಆಸೆ ಬೇಕಾದಷ್ಟು ಇರುತ್ತದೆ. ಅದನ್ನು ಇವತ್ತಿನ ಕೆಲಸ ಮಾಡಿಕೊಳ್ಳುವುದು ಹೇಗೆ ಅಂತ ಯಾರೂ ತೋರಿಸಿಕೊಟ್ಟಿರುವುದಿಲ್ಲ. ನಾನೂ ಬಹಳ ವರ್ಷ ತೋರಿಸಿಕೊಟ್ಟಿರಲಿಲ್ಲ. ಈಗ ಹೇಗೆ ಮಾಡುತ್ತೇನೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ಇದನ್ನು ಮನೆಯಲ್ಲಿ ಅಪ್ಪ ಅಮ್ಮ ಮಾಡಿಸಬಹುದು. ಎಂಟು, ಒಂಬತ್ತನೇ ಕ್ಲಾಸಿನ ಮಕ್ಕಳು ತಾವೇ ಮಾಡಿಕೊಳ್ಳಬಹುದು. ಟೀಚರುಗಳಿಗಂತೂ ಇದು ಜೂನ್ ತಿಂಗಳ ಎರಡು ಪಿರಿಯಡ್‌ನ ಕೆಲಸ, ಅಷ್ಟೇ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಹತ್ತನೇ ಕ್ಲಾಸಿನವರಿಂದ 'ನನ್ನ ಗುರಿ' ಅಂತ ಚೀಟಿ ಬರೆಸಿ ಗೋಡೆಗೆ ಅಂಟಿಸಿದೆ. ಎಸ್ಸೆಸ್ಸೆಲ್ಸಿಗೆ ಒಟ್ಟು 625 ಅಂಕ. ಒಬ್ಬಳು 600 ಅಂತ ಬರೆದಳು. ಪಕ್ಕದವಳು ಅದನ್ನು ನೋಡಿ 605 ಬರೆದಳು. ಹಿಂದಿನ ಬೆಂಚಿನ ಒಬ್ಬ ಹುಡುಗಿ, ಒಂಬತ್ತನೇ ಕ್ಲಾಸನ್ನು ಕಷ್ಟಪಟ್ಟು ದಾಟಿದವಳು, 580 ಅಂತ ಬರೆದಳು. ಚೀಟಿ ಅಂಟಿಸುವಾಗ ಎಲ್ಲರ ಮುಖವೂ ಅರಳಿತ್ತು. ಮೊದಲನೇ ಕಿರುಪರೀಕ್ಷೆಯ ಪೇಪರ್ ಕೊಟ್ಟ ಮಾರನೇ ದಿನ ಬೆಳಿಗ್ಗೆ ನೋಡಿದರೆ ಆ ಹುಡುಗಿಯ ಚೀಟಿ ಉಲ್ಟಾ ಆಗಿತ್ತು. ಯಾರೂ ಇಲ್ಲದಾಗ ಬಂದು, ಬರಹ ಗೋಡೆ ಕಡೆಗೆ ಮಾಡಿ, ಮತ್ತೆ ಗೋಂದು ಹಚ್ಚಿ ಅಂಟಿಸಿದ್ದಳು. ನಾನು ಅವಳನ್ನು ಏನೂ ಕೇಳಲಿಲ್ಲ. ಆ ಸಂಜೆ ಎಲ್ಲ ಚೀಟಿಗಳನ್ನೂ ತೆಗೆದುಬಿಟ್ಟೆ.

580 ಅನ್ನುವುದು ಕೆಟ್ಟ ಗುರಿಯೇನಲ್ಲ. ಆದರೆ ಆ ಹುಡುಗಿ ಸಂಜೆ ಆರು ಗಂಟೆಗೆ ಮನೆಯಲ್ಲಿ ಪುಸ್ತಕ ತೆರೆದು ಕೂತಾಗ ಯಾವ ಪುಟ, ಯಾವ ಲೆಕ್ಕ ಅಂತ ಅದು ಹೇಳುವುದಿಲ್ಲ. ಒಂದು ಕಿರುಪರೀಕ್ಷೆ ಕೈಕೊಟ್ಟರೆ ಸಾಕು, ಆ ನಂಬರು ಅವಳನ್ನೇ ಚುಚ್ಚಲು ಶುರು ಮಾಡುತ್ತದೆ.

ಮೊದಲ ವಾರ ಗುರಿ ಬೇಡ

ಈಗ ನಾನು ಶಾಲೆ ಶುರುವಾದ ದಿನವೇ ಗುರಿ ಬರೆಸುವುದಿಲ್ಲ. ತೋರಣ ಕಟ್ಟಿ, ಸಿಹಿ ಕೊಟ್ಟು ಮಕ್ಕಳನ್ನು ಒಳಗೆ ಕರೆದುಕೊಳ್ಳುವ ಪ್ರಾರಂಭೋತ್ಸವದ ದಿನ ಎಲ್ಲರೂ ಗಾಳಿಯಲ್ಲಿ ತೇಲುತ್ತಿರುತ್ತಾರೆ. ಆ ದಿನ ಕೇಳಿದರೆ ಐಎಎಸ್‌ಗಿಂತ ಕಡಿಮೆ ಯಾರೂ ಹೇಳುವುದಿಲ್ಲ. ಹೇಳಲಿ, ಚೆಂದ. ಬರೆಯುವುದು ಮಾತ್ರ ಎರಡು ವಾರ ಆದಮೇಲೆ.

ಆ ಎರಡು ವಾರದಲ್ಲಿ ಸೇತುಬಂಧ ನಡೆಯುತ್ತದೆ. ಹಿಂದಿನ ವರ್ಷದ್ದು ಎಷ್ಟು ಉಳಿದಿದೆ ಅಂತ ನೋಡಲು ಒಂದು ಪೂರ್ವ ಪರೀಕ್ಷೆ, ಬಿಟ್ಟುಹೋದದ್ದನ್ನು ಮತ್ತೆ ಹೇಳಿಕೊಟ್ಟು ಕೊನೆಗೆ ಸಾಫಲ್ಯ ಪರೀಕ್ಷೆ. ಬಹಳ ಮನೆಗಳಲ್ಲಿ ಈ ಪೂರ್ವ ಪರೀಕ್ಷೆಯ ಪೇಪರನ್ನು ಯಾರೂ ನೋಡುವುದೇ ಇಲ್ಲ. ಮಾರ್ಕ್ಸ್ ಕಾರ್ಡಿಗೆ ಸೇರುವುದಿಲ್ಲ ಅಲ್ವಾ, ಅದಕ್ಕೆ. ನನ್ನ ಮಟ್ಟಿಗೆ ಇಡೀ ವರ್ಷದ ಅತಿ ಬೆಲೆಬಾಳುವ ಕಾಗದ ಅದೇ. ನಿಮ್ಮ ಮಗುವಿನ ಶಾಲೆಯಲ್ಲಿ ಇಂಥ ಪರೀಕ್ಷೆ ಇಲ್ಲದಿದ್ದರೆ ಹೋದ ವರ್ಷದ ಉತ್ತರ ಪತ್ರಿಕೆಯನ್ನೋ ಹಳೇ ನೋಟ್‌ಬುಕ್ಕನ್ನೋ ತೆಗೆದುಕೊಳ್ಳಿ. ರದ್ದಿಗೆ ಹಾಕಿರಬೇಡಿ.

ಆ ಪೇಪರ್ ಇಟ್ಟುಕೊಂಡು ಮಗುವಿನ ಪಕ್ಕ ಕೂತು ತಪ್ಪುಗಳನ್ನು ಮೂರು ಗುಂಪು ಮಾಡಿ. ಗೊತ್ತೇ ಇಲ್ಲದ್ದು. ಗೊತ್ತಿದ್ದೂ ತಪ್ಪಿದ್ದು. ಬರೆಯದೇ ಬಿಟ್ಟದ್ದು. ಅಷ್ಟೇ. ಗಣಿತ ನಿಮಗೆ ಬರಬೇಕಾಗಿಲ್ಲ. 'ಇದು ಯಾವ ಗುಂಪಿಗೆ ಹೋಗುತ್ತೆ?' ಅಂತ ಕೇಳಿದರೆ ಮಗುವೇ ಹೇಳುತ್ತದೆ. ಬೈಯುವ ದನಿ ಬಂತೋ, ಆಟ ಮುಗೀತು. ಮಗು ಎಲ್ಲವನ್ನೂ 'ಗೊತ್ತಿತ್ತು, ಅವಸರದಲ್ಲಿ ತಪ್ಪಿತು' ಅಂತ ಎರಡನೇ ಗುಂಪಿಗೇ ತಳ್ಳುತ್ತದೆ.

ಒಂದು ಉದಾಹರಣೆ ಹತ್ತಿರದಿಂದ ತೋರಿಸುತ್ತೇನೆ. ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗ ಪ್ರತಿಸಲವೂ 1/2 + 1/3 = 2/5 ಅಂತ ಬರೆಯುತ್ತಿದ್ದ. ಮೇಲಿನದು ಮೇಲಿನದಕ್ಕೆ, ಕೆಳಗಿನದು ಕೆಳಗಿನದಕ್ಕೆ ಕೂಡಿಸಿಬಿಡುತ್ತಿದ್ದ. ಐದನೇ ಕ್ಲಾಸಿನಿಂದ ಹಾಗೇ ಬಂದಿತ್ತು. ಎಲ್ಲರೂ ಕೆಂಪು ಪೆನ್ನಿನಲ್ಲಿ ಗೀಟು ಹೊಡೆದಿದ್ದರು, ನಾನೂ ಹೊಡೆದಿದ್ದೆ. ಒಂದು ದಿನ ಬಿಸಿಯೂಟ ಆದಮೇಲೆ ಅವನನ್ನು ಕರೆದು ಹಳೇ ಪೇಪರನ್ನು ರೊಟ್ಟಿಯ ಹಾಗೆ ದುಂಡಗೆ ಕತ್ತರಿಸಿದೆ. 'ನಿಮ್ಮವ್ವ ಮೊದಲು ಅರ್ಧ ರೊಟ್ಟಿ ಹಾಕಿದಳು. ಸಾಲಲಿಲ್ಲ ಅಂದಿ. ಇನ್ನೊಂದು ರೊಟ್ಟಿಯಲ್ಲಿ ಮೂರು ಪಾಲು ಮಾಡಿ ಒಂದು ಪಾಲು ಹಾಕಿದಳು. ಈಗ ನಿನ್ನ ಉತ್ತರ ತೋರಿಸು.' ಅವನು ಮೂರನೇ ರೊಟ್ಟಿಯನ್ನು ಐದು ಪಾಲು ಮಾಡಿ ಎರಡನ್ನು ಎತ್ತಿ ಅರ್ಧ ರೊಟ್ಟಿಯ ಮೇಲೆ ಇಟ್ಟ. ಕೆಳಗಿನ ಅರ್ಧ ಇನ್ನೂ ಕಾಣುತ್ತಿತ್ತು. ಸ್ವಲ್ಪ ಹೊತ್ತು ಸುಮ್ಮನೆ ನೋಡಿದ. ಆಮೇಲೆ, 'ಅಕ್ಕೋರ, ಹಾಕಿದ ಮ್ಯಾಲೆ ಕಡಿಮಿ ಆತಲ್ರೀ!' ಅಂದ.

ಅವನ ಆ ವರ್ಷದ ಗುರಿ ಅಲ್ಲೇ ಸಿಕ್ಕಿತು. ಭಿನ್ನರಾಶಿ ಕೂಡುವುದು, ಕಳೆಯುವುದು. ಒಂಬತ್ತನೇ ಕ್ಲಾಸಿನವನಿಗೆ ಐದನೇ ಕ್ಲಾಸಿನ ಲೆಕ್ಕವಾ ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಹೌದು. ಬೀಜಗಣಿತದಲ್ಲಿ ಅವನು ಎಡವುತ್ತಿದ್ದದ್ದೂ ಇದೇ ಕಲ್ಲಿಗೆ. ಗುರಿ ಕ್ಲಾಸಿಗೆ ತಕ್ಕಂತೆ ಇರಬೇಕಾಗಿಲ್ಲ, ಮಗು ಎಲ್ಲಿ ನಿಂತಿದೆಯೋ ಅಲ್ಲಿಂದ ಇರಬೇಕು.

ದಿನದ ನಕ್ಷೆ

ಏನು ಮಾಡಬೇಕು ಅಂತ ಗೊತ್ತಾಯಿತು. ಯಾವಾಗ? ಇಲ್ಲಿ ಹೆಚ್ಚಿನವರು ಟೈಮ್ ಟೇಬಲ್ ಹಾಕಿಕೊಡುತ್ತಾರೆ. ಬೆಳಿಗ್ಗೆ ಐದಕ್ಕೆ ಏಳು, ಆರರವರೆಗೆ ಓದು. ಆ ಟೈಮ್ ಟೇಬಲ್‌ನಲ್ಲಿ ಮನೆಯ ದನ ಇರುವುದಿಲ್ಲ, ನೀರು ಬರುವ ಹೊತ್ತು ಇರುವುದಿಲ್ಲ, ತಂಗಿಯನ್ನು ಅಂಗನವಾಡಿಗೆ ಬಿಟ್ಟು ಬರುವುದು ಇರುವುದಿಲ್ಲ.

ಅದಕ್ಕೆ ನಾನು ಮಕ್ಕಳಿಂದ ನಿನ್ನೆಯ ದಿನವನ್ನು ಬರೆಸುತ್ತೇನೆ. ನಾಳೆಯದಲ್ಲ, ನಿನ್ನೆಯದು. ಎದ್ದಲ್ಲಿಂದ ಮಲಗುವವರೆಗೆ ಏನೇನು ನಡೆಯಿತೋ ಅದಷ್ಟೂ. ಮೊಬೈಲ್ ನೋಡಿದ್ದನ್ನೂ ಬರೆಯಿರಿ, ಯಾರಿಗೂ ತೋರಿಸಲ್ಲ ಅಂತ ಮಾತು ಕೊಡುತ್ತೇನೆ. ಆ ಮಾತು ಉಳಿಸಿಕೊಳ್ಳಬೇಕು. ಬರೆದಾದಮೇಲೆ ಅದರಲ್ಲಿ ದಿನಾ ಖಾಲಿ ಇರುವ ಇಪ್ಪತ್ತು ನಿಮಿಷ ಎಲ್ಲಿದೆ ಅಂತ ಹುಡುಕಬೇಕು.

ಎಂಟನೇ ಕ್ಲಾಸಿಗೆ ಬೇರೆ ಊರಿನಿಂದ ಬಂದು ಸೇರಿದ ಒಬ್ಬ ಹುಡುಗಿ ಹಾಳೆ ಪೂರ್ತಿ ತುಂಬಿಸಿದ್ದಳು. ಬೆಳಿಗ್ಗೆ ನೀರು, ಕಸ, ರೊಟ್ಟಿ. ಸಂಜೆ ಎಮ್ಮೆ, ಅಡುಗೆ, ತಮ್ಮ. 'ನನಗೆ ಟೈಮೇ ಇಲ್ರೀ' ಅಂದಳು. ನಿಜವೇ. ನಾನು ಹಾಳೆಯನ್ನು ಮತ್ತೆ ಓದಿದೆ. 'ನಾಲ್ಕೂವರೆ ಶಾಲೆ ಬಿಡುವುದು. ಐದು ಇಪ್ಪತ್ತು ಬಸ್ಸು.' ನಡುವೆ ಏನೂ ಬರೆದಿರಲಿಲ್ಲ. 'ಇಲ್ಲಿ ಏನು ಮಾಡ್ತಿ?' ಅಂದೆ. 'ಬಸ್‌ಸ್ಟ್ಯಾಂಡ್ ಕಟ್ಟಿ ಮ್ಯಾಲೆ ಕುಂದ್ರತೀನ್ರಿ' ಅಂದಳು. ಐವತ್ತು ನಿಮಿಷ, ದಿನಾ. ಮಳೆ ಬಂದರೆ ಮೇಲೆ ತಗಡೂ ಇದೆ.

ನಿಮ್ಮ ಮನೆಯಲ್ಲಿ ಇಂಥ ಜಾಗ ಬೇರೆಲ್ಲೋ ಇರಬಹುದು. ಟ್ಯೂಷನ್‌ಗೆ ಹೋಗುವ ಮೊದಲಿನ ಕಾಲು ಗಂಟೆ, ಅಪ್ಪ ಅಂಗಡಿ ಮುಚ್ಚಿ ಬರುವವರೆಗಿನ ಹೊತ್ತು. ಹೊಸ ಸಮಯ ಹುಟ್ಟಿಸಲು ಹೋಗಬೇಡಿ. ಇರುವುದನ್ನು ಹಿಡಿಯಿರಿ.

ಒಂದೇ ಸಾಲು

ಈಗ ಗುರಿಯನ್ನು ಒಂದು ಸಾಲಿನಲ್ಲಿ ಬರೆಯಬೇಕು. ಅದರಲ್ಲಿ ಎಲ್ಲಿ, ಯಾವಾಗ, ಏನು, ಎಷ್ಟು ನಾಲ್ಕೂ ಇರಬೇಕು. 'ಗಣಿತ ಚೆನ್ನಾಗಿ ಓದುತ್ತೇನೆ' ಅಂದರೆ ನಾಲ್ಕರಲ್ಲಿ ಒಂದೂ ಪೂರ್ತಿ ಇಲ್ಲ. ಬಸ್‌ಸ್ಟ್ಯಾಂಡ್ ಹುಡುಗಿ ಹೀಗೆ ಬರೆದಳು: 'ಸಂಜೆ ಬಸ್‌ಸ್ಟ್ಯಾಂಡ್ ಕಟ್ಟೆ ಮೇಲೆ ಕೂತ ತಕ್ಷಣ ಮೂರು ಲೆಕ್ಕ ಮಾಡುತ್ತೇನೆ.' 'ಕೂತ ತಕ್ಷಣ' ಅನ್ನುವುದು ಅವಳೇ ಸೇರಿಸಿದ್ದು. ಗೆಳತಿಯರ ಮಾತು ಶುರುವಾದರೆ ಆಮೇಲೆ ಆಗುವುದಿಲ್ಲ ಅಂತ ಅವಳಿಗೆ ಗೊತ್ತಿತ್ತು.

'ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ' ಅಂತ ಮೊದಲೇ ಕಟ್ಟಿಟ್ಟುಕೊಂಡವರು ಬರೀ 'ಮಾಡುತ್ತೇನೆ' ಅಂದುಕೊಂಡವರಿಗಿಂತ ಹೆಚ್ಚಾಗಿ ಕೆಲಸ ಮುಗಿಸುತ್ತಾರೆ ಅಂತ ಮನಶ್ಶಾಸ್ತ್ರಜ್ಞ ಪೀಟರ್ ಗಾಲ್ವಿಟ್ಜರ್ 1999ರ ತಮ್ಮ ಲೇಖನದಲ್ಲಿ ತೋರಿಸಿದರು. ನಮ್ಮ ಅಜ್ಜಿಯರು ಇದನ್ನು ಯಾವ ಲೇಖನ ಓದದೆಯೂ ಮಾಡುತ್ತಿದ್ದರು. ಬೆಳಿಗ್ಗೆ ಎದ್ದು ಬಾಗಿಲು ತೆರೆದ ಕೂಡಲೇ ಅಂಗಳಕ್ಕೆ ನೀರು, ನೀರು ಹಾಕಿದ ಕೂಡಲೇ ರಂಗೋಲಿ. ಒಂದು ಕೆಲಸದ ಬಾಲಕ್ಕೆ ಇನ್ನೊಂದು. ಅದಕ್ಕೆ ಅವರು ಮರೆಯುತ್ತಿರಲಿಲ್ಲ.

ಎಷ್ಟು ಅನ್ನುವುದರಲ್ಲಿ ಎಲ್ಲರೂ ಎಡವುತ್ತಾರೆ. ಮಕ್ಕಳು ದಿನಕ್ಕೆ ಇಪ್ಪತ್ತು ಲೆಕ್ಕ ಅಂತ ಬರೆಯುತ್ತಾರೆ. ನಾನು ಅದನ್ನು ಮೂರಕ್ಕೆ ಇಳಿಸುತ್ತೇನೆ. ಅವರಿಗೆ ಅದು ಅವಮಾನ ಅನ್ನಿಸುತ್ತದೆ. ಆಗ ಬೋರ್ಡ್ ಮೇಲೆ ಲೆಕ್ಕ ಮಾಡಿಸುತ್ತೇನೆ. ಜೂನ್ ಮಧ್ಯದಿಂದ ಸೆಪ್ಟೆಂಬರ್ ಕೊನೆಗೆ ಸುಮಾರು ಹದಿನೈದು ವಾರ. ವಾರಕ್ಕೆ ಆರು ದಿನ, ದಿನಕ್ಕೆ ಮೂರು. ಒಟ್ಟು 270 ಲೆಕ್ಕ. ಕ್ಲಾಸು ಒಂದು ಕ್ಷಣ ಸುಮ್ಮನಾಗುತ್ತದೆ. ಜ್ವರ ಬಿಟ್ಟ ಮಾರನೇ ದಿನವೂ ಆಗುವಷ್ಟು ಚಿಕ್ಕದಿರಬೇಕು, ಅದೇ ಅಳತೆ.

ಮತ್ತೆ, ಗುರಿ ಒಂದೇ. ಇಂಗ್ಲಿಷ್, ಅಕ್ಷರ ದುಂಡಗೆ ಮಾಡುವುದು, ಖೋಖೋ ಟೀಮು, ಎಲ್ಲ ಇರಲಿ. ಅವನ್ನು ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಬರೆದಿಡಿ. ದಸರಾ ರಜೆ ಮುಗಿಸಿ ಬಂದಮೇಲೆ ಅವುಗಳಲ್ಲಿ ಒಂದಕ್ಕೆ ಪಾಳಿ.

ಹತ್ತನೇ ಕ್ಲಾಸಿನ ತಂದೆ ತಾಯಿ 'ಹಾಗಾದರೆ ಅಂಕ ಲೆಕ್ಕಕ್ಕೇ ಬೇಡವಾ?' ಅಂತ ಕೇಳುತ್ತಾರೆ. ಬೇಕು. ಎಸ್ಸೆಸ್ಸೆಲ್ಸಿಯಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಕ್ಕೆ ನೂರು ನೂರು. ಆ ನೂರರಲ್ಲಿ 80 ಮಾತ್ರ ಕೊನೇ ಪರೀಕ್ಷೆಯದು, 20 ಆಂತರಿಕ ಅಂಕ. ಅವು ವರ್ಷದುದ್ದಕ್ಕೂ ನಡೆಯುವ ಚಟುವಟಿಕೆ, ಕಿರುಪರೀಕ್ಷೆಗಳಿಂದ ಕೂಡಿ ಬರುತ್ತವೆ. ಜನವರಿಯಿಂದ ಓದಿದರಾಯಿತು ಅನ್ನುವ ಮನೆಗಳಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ.

ಎಣಿಸುವುದು ಹೇಗೆ

ಮಾಡಿದ್ದು ಕಣ್ಣಿಗೆ ಕಾಣಬೇಕು. ಅದಕ್ಕೆ ಮೊಬೈಲ್ ಆ್ಯಪ್ ಬೇಡ, ಮೊಬೈಲ್ ತೆಗೆದರೆ ಲೆಕ್ಕ ಮರೆತೇ ಹೋಗುತ್ತದೆ. ಗೋಡೆ ಕ್ಯಾಲೆಂಡರ್ ಸಾಕು. ಬಹಳ ಮನೆಗಳಲ್ಲಿ ಅಮ್ಮಂದಿರು ತಾರೀಖಿನ ಚೌಕದಲ್ಲಿ ಹಾಲಿನ ಲೆಕ್ಕ ಬರೆಯುತ್ತಾರೆ. ಅದರ ಪಕ್ಕ ಒಂದು ಚುಕ್ಕೆ.

ನನಗೆ ಇದಕ್ಕಿಂತ ಒಳ್ಳೇದನ್ನು ಹೇಳಿಕೊಟ್ಟವಳು ಒಬ್ಬ ತಾಯಿ. ಅವಳಿಗೆ ಓದು ಬರೆಹ ಬರುವುದಿಲ್ಲ. ಮಗಳು ಲೆಕ್ಕ ಮುಗಿಸಿದೆ ಅಂದ ದಿನ ಒಂದು ಹುಣಸೆ ಬೀಜ ತೆಗೆದು ಖಾಲಿ ಡಬ್ಬಿಗೆ ಹಾಕುತ್ತಿದ್ದಳು. ಹುಡುಗಿ ಪುಸ್ತಕ ತೋರಿಸಲೇಬೇಕು. ತಾಯಿಗೆ ಅದರಲ್ಲಿ ಏನಿದೆ ಅಂತ ತಿಳಿಯದು, ಆದರೆ ಮೂರು ಲೆಕ್ಕದ ಕೆಳಗೆ ಮೂರು ಅಡ್ಡ ಗೆರೆ ಇದೆಯಾ ಅಂತ ಬೆರಳಿಟ್ಟು ಎಣಿಸುತ್ತಿದ್ದಳು. ದಸರಾ ರಜೆಗೆ ಮುಂಚೆ ಪಾಲಕರ ಸಭೆಗೆ ಬಂದಾಗ ಸೆರಗಿನಲ್ಲಿ ಡಬ್ಬಿ ಕಟ್ಟಿಕೊಂಡು ಬಂದಿದ್ದಳು. ನನ್ನ ಟೇಬಲ್ ಮೇಲೆ ಸುರಿದಳು. ಇಬ್ಬರೂ ಕೂತು ಎಣಿಸಿದೆವು. 71 ಇತ್ತು. 'ಇಷ್ಟು ದಿನಾ ಓದ್ಯಾಳ್ರೀ ನನ್ನ ಮಗಳು' ಅಂದಳು. ಆ ಸಭೆಯಲ್ಲಿ ಮಾರ್ಕ್ಸ್ ಬಗ್ಗೆ ಮಾತಾಡಲು ನನಗೆ ಮನಸ್ಸೇ ಬರಲಿಲ್ಲ.

ಓದು ಬಂದ ತಂದೆ ತಾಯಿಗೂ ನನ್ನ ಕೋರಿಕೆ ಇಷ್ಟೇ. ಸಂಜೆ 'ಎಷ್ಟು ಬಂತು?' ಅಂತ ಕೇಳಬೇಡಿ. 'ಇವತ್ತಿನ ಬೀಜ ಹಾಕೋಣವಾ?' ಅಂತ ಕೇಳಿ. ಎದುರು ಮನೆಯ ಹುಡುಗನ ಹೆಸರು ತೆಗೆಯಬೇಡಿ.

ಬಿಡುವ ದಿನಗಳನ್ನು ಮೊದಲೇ ಬರೆಯಿರಿ

ಕೆಲಸ ನಿಲ್ಲುತ್ತದೆ. ಅದು ಖಂಡಿತ. ಮೃಗಶಿರಾ ಮಳೆ ಬಿದ್ದು ಹದ ಬಂತು ಅಂದರೆ ನಮ್ಮ ಕಡೆ ಮೆಕ್ಕೆಜೋಳ ಬಿತ್ತಲು ಮಕ್ಕಳೂ ಹೊಲಕ್ಕೆ ಹೋಗುತ್ತಾರೆ. ಕಾರ ಹುಣ್ಣಿಮೆಗೆ ಎತ್ತಿನ ಮೈ ತೊಳೆಯಬೇಕು. ಪಂಚಮಿಗೆ ಜೋಕಾಲಿ, ಉಂಡಿ, ಅಕ್ಕ ತವರಿಗೆ ಬಂದಿರುತ್ತಾಳೆ, ಆ ವಾರ ಯಾರೂ ಪುಸ್ತಕ ಮುಟ್ಟುವುದಿಲ್ಲ. ಮುಟ್ಟಲೂಬಾರದು. ಆಮೇಲೆ ಗಣಪತಿ.

ಇವೆಲ್ಲ ಜೂನ್‌ನಲ್ಲೇ ಗೊತ್ತಿರುವ ದಿನಗಳು. ಆದರೂ ಪ್ರತಿ ವರ್ಷ ಪಂಚಮಿ ಮುಗಿದ ಮೇಲೆ ಮಕ್ಕಳು 'ಬಿಟ್ಟೋಯ್ತು ರೀ' ಅಂತ ಮುಖ ಕೆಳಗೆ ಹಾಕಿ ನಿಲ್ಲುತ್ತಾರೆ. ಬಿಟ್ಟುಹೋದದ್ದೇ ನೆಪವಾಗಿ ಪೂರ್ತಿ ಬಿಡುತ್ತಾರೆ. ಅದಕ್ಕೆ ಈಗ ಕ್ಯಾಲೆಂಡರ್ ತೆರೆದು ಬಿಡುವ ದಿನಗಳಿಗೆ ಮೊದಲೇ ಸುತ್ತು ಹಾಕಿಸುತ್ತೇನೆ. ಮತ್ತೆ ಶುರು ಮಾಡುವ ದಿನಕ್ಕೆ ಇನ್ನೊಂದು ಬಣ್ಣ. ಶುರು ಮಾಡುವ ದಿನ ಒಂದೇ ಲೆಕ್ಕ. ಬಾಕಿ ತೀರಿಸುವ ಮಾತೇ ಇಲ್ಲ. ಆರು ದಿನದ ಹದಿನೆಂಟು ಲೆಕ್ಕ ಒಟ್ಟಿಗೆ ಮಾಡಲು ಕೂತವರು ಏಳನೇ ದಿನ ಮತ್ತೆ ಕೂತದ್ದನ್ನು ನಾನು ನೋಡಿಲ್ಲ.

ಶನಿವಾರ ಬೆಳಗಿನ ಶಾಲೆ. ಬಿಡುವ ಮುಂಚೆ ಹತ್ತು ನಿಮಿಷ ಇದಕ್ಕೇ ಇಡುತ್ತೇನೆ. ಈ ವಾರ ಎಷ್ಟು ಚುಕ್ಕೆ? ಯಾವ ದಿನ ತಪ್ಪಿತು? ಅವತ್ತು ಏನಾಗಿತ್ತು? ಮೂರು ವಾರ ಸತತ ಅರ್ಧಕ್ಕಿಂತ ಕಡಿಮೆ ಆದರೆ ಸಾಲನ್ನು ಬದಲಿಸುತ್ತೇವೆ. ಜಾಗ ಸರಿಯಿಲ್ಲದಿರಬಹುದು, ಹೊತ್ತು ಸರಿಯಿಲ್ಲದಿರಬಹುದು. ಮಗು ಸರಿಯಿಲ್ಲ ಅನ್ನುವ ತೀರ್ಮಾನಕ್ಕೆ ಮಾತ್ರ ಬರುವುದಿಲ್ಲ. ಒಬ್ಬ ಹುಡುಗ ರಾತ್ರಿ ಊಟ ಆದಮೇಲೆ ಅಂತ ಬರೆದಿದ್ದ, ನಾಲ್ಕು ವಾರ ಆದರೂ ಆಗಲಿಲ್ಲ. ಕೇಳಿದರೆ ಆ ಹೊತ್ತಿಗೆ ಅವನ ಮನೆಯಲ್ಲಿ ಜಗಳ. ಬೆಳಿಗ್ಗೆ ಪ್ರಾರ್ಥನೆಗೆ ಮುಂಚೆ ಕ್ಲಾಸಿನಲ್ಲಿ ಕೂತು ಮಾಡು ಅಂದೆ. ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ.

ನಾನೂ ಒಂದು ಸಾಲು ಬರೆದು ಬೋರ್ಡಿನ ಮೂಲೆಯಲ್ಲಿ ಹಾಕುತ್ತೇನೆ. ಹೋದ ವರ್ಷದ್ದು: 'ತಗೊಂಡ ನೋಟ್‌ಬುಕ್ಕನ್ನು ಮೂರು ದಿನದೊಳಗೆ ತಿದ್ದಿ ಕೊಡುತ್ತೇನೆ.' 62 ಮಕ್ಕಳು. ಜುಲೈನಲ್ಲಿ ಎರಡು ಸಲ ತಪ್ಪಿದೆ, ಶನಿವಾರ ಎದ್ದು ನಿಂತು ಹೇಳಿದೆ. ಅವತ್ತಿನಿಂದ ಮಕ್ಕಳು ತಮ್ಮ ತಪ್ಪಿದ ದಿನಗಳನ್ನು ಮುಚ್ಚಿಡುವುದು ಕಡಿಮೆ ಆಯಿತು.

ಕೊನೆಯದು ನೋಟ್‌ಬುಕ್ಕಿನ ಕೆಲಸ. ಇದನ್ನು ಮಾಡಲು ಐದು ನಿಮಿಷ ಸಾಕು. ಹೊಸ ನೋಟ್‌ಬುಕ್ಕಿನಲ್ಲಿ ಮೊದಲಿನಿಂದ ಪುಟ ಎಣಿಸಿ. ನಲವತ್ತನೇ ಪುಟಕ್ಕೆ ಬನ್ನಿ. ಅದು ಖಾಲಿ ಇರುತ್ತದೆ. ಅಲ್ಲಿ ನಿಮ್ಮ ಒಂದು ಸಾಲನ್ನು ಇನ್ನೊಂದು ಸಲ ಬರೆಯಿರಿ, ಅದರ ಕೆಳಗೆ ನಿಮಗೆ ನೀವೇ ಒಂದು ಪ್ರಶ್ನೆ ಕೇಳಿ. ಮುಚ್ಚಿಡಿ. ಆಗಸ್ಟ್ ಹೊತ್ತಿಗೆ, ಮಾರ್ಜಿನ್ ಹೋಗಿ ಅಕ್ಷರ ಓಡಲು ಶುರುವಾದಾಗ, ಆ ಪುಟ ತಾನಾಗಿ ಬರುತ್ತದೆ.

ಹೋದ ಆಗಸ್ಟ್‌ನಲ್ಲಿ ನೋಟ್‌ಬುಕ್ ತಿದ್ದುವಾಗ ಬಸ್‌ಸ್ಟ್ಯಾಂಡ್ ಹುಡುಗಿಯ ನಲವತ್ತನೇ ಪುಟ ನನ್ನ ಕೈಗೆ ಬಂತು. ಜೂನ್‌ನ ದುಂಡು ಅಕ್ಷರದಲ್ಲಿ ಬರೆದಿತ್ತು: 'ಕಟ್ಟೆ ಮೇಲೆ ಕೂತ ತಕ್ಷಣ ಮೂರು ಲೆಕ್ಕ. ಇನ್ನೂ ಮಾಡ್ತಾ ಇದೀಯಾ?' ಅದರ ಕೆಳಗೆ ಆಗಸ್ಟ್‌ನ ಅವಸರದ ಅಕ್ಷರ: 'ಈಗ ಬಸ್ ಬೇಗ ಬರುತ್ತದೆ. ಬಿಸಿಯೂಟ ಆದಮೇಲೆ ಬೇವಿನ ಮರದ ಕೆಳಗೆ ಮಾಡ್ತೀನಿ. ಎರಡೇ ಆಗ್ತದೆ.' ನಾನು ಟಿಕ್ ಹಾಕಿ ಪುಟ ತಿರುಗಿಸಿದೆ. ಮುಂದೆ ಎಲ್ಲೋ ಒಂದು ಹಾಳೆಯ ಮೂಲೆ ಮಡಿಚಿತ್ತು. ಎಣಿಸಿದೆ. ಎಂಬತ್ತನೇ ಪುಟ.